ಎಣ್ಣೆ ಬಾವಿಯ ಉಪ್ಪು ನೀರಿಗೆ ರೈಲ್‌ರೋಡ್ ಕಮಿಷನ್ ಯಾಕೆ ಪರ್ಮಿಟ್ ಕೊಡುತ್ತದೆ?

ಬಯಲುಸೀಮೆಯವ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಹತ್ತಿರ ಮನೆ ನೋಡುತ್ತಿದ್ದಾನೆ. ಊರಾಚೆ ಜಾಗ, ಮನೆಗೆ ಸ್ವಂತ ಬಾವಿ. ಬೆಲೆಯೂ ಪರವಾಗಿಲ್ಲ. ಆದರೆ ಪಕ್ಕದ ಜಮೀನಿನಲ್ಲಿ "ಉಪ್ಪು ನೀರು ವಿಲೇವಾರಿ ಬಾವಿ" ಕೊರೆಯಲು ಯಾರೋ ಅರ್ಜಿ ಹಾಕಿದ್ದಾರಂತೆ. ಎಣ್ಣೆ, ಗ್ಯಾಸ್ ತೆಗೆಯುವಾಗ ಬರುವ ಕೊಳಕು ನೀರನ್ನು ಮತ್ತೆ ನೆಲದೊಳಗೆ ಪಂಪ್ ಮಾಡುತ್ತಾರಂತೆ.

ಅರ್ಜಿ ಹೋಗಿರುವುದು ಟೆಕ್ಸಾಸ್ ರೈಲ್‌ರೋಡ್ ಕಮಿಷನ್‌ಗೆ. ಮೊದಲು ತಮಾಷೆ ಅಂದುಕೊಂಡೆ. ರೈಲಿಗೂ ಉಪ್ಪು ನೀರಿಗೂ ಏನು ಸಂಬಂಧ? ಇದನ್ನು ನಿಜಕ್ಕೂ ನೋಡಿಕೊಳ್ಳುವವರು ಯಾರು? ಆ ಕಡೆ ಇರುವ ಕನ್ನಡದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಮಿಡ್‌ಲ್ಯಾಂಡ್ ವಾಸಿ:
ತಮಾಷೆ ಅಲ್ಲ ಸರ್. ಇಲ್ಲಿ ಎಣ್ಣೆ, ಗ್ಯಾಸ್ ಅಂದರೆ ರೈಲ್‌ರೋಡ್ ಕಮಿಷನ್ನೇ. 1891ರಲ್ಲಿ ಶುರುವಾದಾಗ ಕೆಲಸ ರೈಲಿನ ದರ ನೋಡಿಕೊಳ್ಳುವುದೇ ಆಗಿತ್ತು. 1917ರಲ್ಲಿ ಎಣ್ಣೆ ಪೈಪ್‌ಲೈನ್ ಕೈಗೆ ಬಂತು, ಆಮೇಲೆ ಎಣ್ಣೆ ಬಾವಿಗಳೂ ಬಂದವು. ರೈಲಿನ ಕೆಲಸದಲ್ಲಿ ಉಳಿದಿದ್ದ ಚೂರೂ 2005ರಲ್ಲಿ ಹೋಯಿತು. ಹೆಸರು ಮಾತ್ರ ಉಳಿದಿದೆ. ಹೆಸರು ಬದಲಾಯಿಸೋಣ ಎಂದು ಶಾಸನಸಭೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಮಾತು ಬಂದು ಬಿದ್ದುಹೋಗಿದೆ.

ಮೂವರು ಕಮಿಷನರ್‌ಗಳು. ಇಡೀ ರಾಜ್ಯದ ಜನ ಓಟು ಹಾಕಿ ಆರಿಸುತ್ತಾರೆ, ಅವಧಿ ಆರು ವರ್ಷ. ಚುನಾವಣೆಗೆ ಎಣ್ಣೆ ಕಂಪನಿಯವರಿಂದ ದೇಣಿಗೆ ತೆಗೆದುಕೊಳ್ಳಬಹುದು, ತೆಗೆದುಕೊಳ್ಳುತ್ತಾರೆ ಕೂಡ. ಕಾನೂನಿಗೆ ಅದರಲ್ಲಿ ತಕರಾರಿಲ್ಲ. ಜನರಿಗೆ ಇದೆ. ಆದರೆ ಹೆಸರಲ್ಲೇ "ರೈಲ್" ಇರುವ ಹುದ್ದೆಗೆ ಯಾರು ನಿಂತಿದ್ದಾರೆ ಎಂದು ಎಷ್ಟು ಜನ ಗಮನಿಸುತ್ತಾರೆ ಹೇಳಿ.

ರಿಗ್ ಮನುಷ್ಯ:
ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವನು. ನೀರು ಏನು ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಇಲ್ಲೇ ಎಡವುತ್ತಾರೆ.

ಇದು ಫ್ರಾಕಿಂಗ್‌ಗೆ, ಅಂದರೆ ಎಣ್ಣೆ ಬಿಡಿಸಲು ಆಳದ ಕಲ್ಲನ್ನು ಒತ್ತಡದ ನೀರಿನಿಂದ ಬಿರಿಸುವುದಕ್ಕೆ, ಹಾಕಿದ ನೀರು ವಾಪಸ್ ಬರುವುದಷ್ಟೇ ಅಲ್ಲ. ಅದು ಒಂದು ಸಣ್ಣ ಪಾಲು. ಎಣ್ಣೆ ಇರುವ ಕಲ್ಲಿನ ಪದರದಲ್ಲಿ ಪುರಾತನ ಸಮುದ್ರದ ನೀರೂ ಸಿಕ್ಕಿಕೊಂಡಿರುತ್ತದೆ. ಎಣ್ಣೆ ಮೇಲೆ ಬಂದಾಗ ಅದೂ ಬರುತ್ತದೆ. ನಾವು ಪ್ರೊಡ್ಯೂಸ್ಡ್ ವಾಟರ್ ಅನ್ನುತ್ತೇವೆ. ಈಗಿನ ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಇದ್ದರೆ ಪರ್ಮಿಯನ್ (ಮಿಡ್‌ಲ್ಯಾಂಡ್ ಸುತ್ತಲಿನ ಎಣ್ಣೆ ಸೀಮೆ) ನೀರಿನಲ್ಲಿ 100 ಗ್ರಾಂ ದಾಟುವುದು ಮಾಮೂಲು. ಜೊತೆಗೆ ಅಮೋನಿಯಾ, ಬೆಂಜೀನ್, ಬೋರಾನ್, ಸ್ವಲ್ಪ ರೇಡಿಯಂ. ಗದ್ದೆಗೆ ಬಿಟ್ಟರೆ ಗದ್ದೆ ಸತ್ತಂತೆ.

ಪರ್ಮಿಯನ್ ಬೇಸಿನ್‌ನಲ್ಲಿ ಒಂದು ಬ್ಯಾರೆಲ್ ಎಣ್ಣೆಗೆ ಸುಮಾರು ಮೂರು ನಾಲ್ಕು ಬ್ಯಾರೆಲ್ ನೀರು ಬರುತ್ತದೆ. ಪಶ್ಚಿಮದ ಡೆಲವೇರ್ ಭಾಗದಲ್ಲಿ ಇನ್ನೂ ಜಾಸ್ತಿ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ದಿನಕ್ಕೆ 1.5 ಕೋಟಿ ಬ್ಯಾರೆಲ್‌ಗೂ ಮೀರಿ ನೀರು ಮೇಲೆ ಬರುತ್ತದೆ. ಒಂದಿಷ್ಟನ್ನು ಮುಂದಿನ ಬಾವಿಯ ಫ್ರಾಕಿಂಗ್‌ಗೆ ಬಳಸುತ್ತೇವೆ. ಉಳಿದದ್ದು ನೆಲದೊಳಗೆ.

ವಿಲೇವಾರಿ ಬಾವಿ ಅಂದರೆ ಸುಮ್ನೆ ಗುಂಡಿ ಅಲ್ಲ. ಕುಡಿಯುವ ನೀರಿನ ಪದರ ದಾಟುವವರೆಗೆ ಉಕ್ಕಿನ ಕೇಸಿಂಗ್ ಇಳಿಸಿ ಸುತ್ತ ಸಿಮೆಂಟ್ ತುಂಬುತ್ತಾರೆ. ಅದರೊಳಗೆ ಇನ್ನೊಂದು ಕೇಸಿಂಗ್, ಅದರೊಳಗೆ ನೀರು ಇಳಿಯುವ ಟ್ಯೂಬಿಂಗ್, ಕೆಳಗೆ ಸುತ್ತಲಿನ ಸಂದು ಮುಚ್ಚುವ ಪ್ಯಾಕರ್. ಕನಿಷ್ಠ ಐದು ವರ್ಷಕ್ಕೊಮ್ಮೆ ಒತ್ತಡ ಹಾಕಿ ಸೋರಿಕೆ ಇದೆಯಾ ಎಂದು ನೋಡಬೇಕು. ಸರಿಯಾಗಿ ಕಟ್ಟಿದ ಬಾವಿಯಿಂದ ಪಕ್ಕದ ಮನೆಯ ನೀರು ಕೆಡುವ ಸಾಧ್ಯತೆ ಕಡಿಮೆ.

ಕೊಳವೆಬಾವಿ:
ಒಂದಕ್ಕೆ ನಾಲ್ಕು ಅಂದರೆ ಇವರು ನೀರಿನ ವ್ಯಾಪಾರ ಮಾಡುತ್ತಿದ್ದಾರೆ, ಎಣ್ಣೆ ಕೊಸರು 😀
ನಮ್ಮ ಕಡೆ ಸಾವಿರ ಅಡಿ ಕೊರೆದರೂ ಧೂಳು ಬರುತ್ತದೆ. ಅಲ್ಲಿ ನೀರು ಎಲ್ಲಿ ಹಾಕಬೇಕು ಎಂಬ ಚಿಂತೆ.

ಕಾನೂನು ಕಟ್ಟೆ:
"ನೋಡಿಕೊಳ್ಳುವವರು ಯಾರು" ಎಂಬ ಪ್ರಶ್ನೆಗೆ ಬರುತ್ತೇನೆ. ಇದರ ಬೇರು ವಾಷಿಂಗ್ಟನ್‌ನಲ್ಲಿದೆ.

1974ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಬಂತು. ನೆಲದೊಳಗೆ ದ್ರವ ತುಂಬುವ ಬಾವಿಗಳನ್ನೆಲ್ಲ ಅದರ ಕೆಳಗೆ ವರ್ಗ ಮಾಡಿದರು. ಎಣ್ಣೆ, ಗ್ಯಾಸ್ ಕ್ಷೇತ್ರದ್ದು ಕ್ಲಾಸ್ 2. ದೇಶದಲ್ಲಿ ಇಂಥವು ಸುಮಾರು 1.8 ಲಕ್ಷ ಇವೆ. ಅವುಗಳಲ್ಲಿ ಹೆಚ್ಚಿನವು ಎಣ್ಣೆಯನ್ನು ತಳ್ಳಲು ನೀರು ತುಂಬುವ ಬಾವಿಗಳು. ಐದರಲ್ಲಿ ಒಂದರಷ್ಟು ಮಾತ್ರ ಬರೀ ವಿಲೇವಾರಿಗೆ. ಕೇಂದ್ರದ ಪರಿಸರ ಸಂಸ್ಥೆಯಾದ ಇಪಿಎ ಈ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟುಕೊಡಬಹುದು. ಟೆಕ್ಸಾಸ್, ಒಕ್ಲಹೋಮಾ, ಒಹಾಯೊ, ಕ್ಯಾಲಿಫೋರ್ನಿಯಾ ಎಲ್ಲ ಹಾಗೆ ಪಡೆದುಕೊಂಡಿವೆ. ಎಣ್ಣೆ ಬಾವಿಗಳ ವಿಷಯದಲ್ಲಿ ರಾಜ್ಯವು ಕೇಂದ್ರದ ನಿಯಮವನ್ನು ಅಕ್ಷರಶಃ ಪಾಲಿಸಬೇಕಿಲ್ಲ. "ನಮ್ಮದೂ ಕೆಲಸ ಮಾಡುತ್ತದೆ" ಎಂದು ತೋರಿಸಿದರೆ ಸಾಕು.

ಇನ್ನೊಂದು ಕಡೆ ಅಪಾಯಕಾರಿ ತ್ಯಾಜ್ಯದ ಕಾನೂನು. 1980ರಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಎಣ್ಣೆ, ಗ್ಯಾಸ್ ಉತ್ಪಾದನೆಯ ತ್ಯಾಜ್ಯವನ್ನು ಅದರಿಂದ ತಾತ್ಕಾಲಿಕವಾಗಿ ಹೊರಗಿಟ್ಟಿತು. ಇಪಿಎ ಅಧ್ಯಯನ ಮಾಡಿ 1988ರಲ್ಲಿ "ಹೊರಗೇ ಇರಲಿ, ರಾಜ್ಯಗಳು ನೋಡಿಕೊಳ್ಳಲಿ" ಎಂದಿತು. ಅಂದರೆ ನೀರಿನಲ್ಲಿ ಏನಿದೆ ಎಂಬುದು ಮುಖ್ಯವಲ್ಲ, ಎಲ್ಲಿಂದ ಬಂತು ಎಂಬುದು ಮುಖ್ಯ. ಅದೇ ಬೆಂಜೀನ್ ಬೇರೆ ಕಾರ್ಖಾನೆಯ ನೀರಿನಲ್ಲಿ ಮಿತಿ ಮೀರಿ ಇದ್ದರೆ ಆ ನೀರು ಅಪಾಯಕಾರಿ ತ್ಯಾಜ್ಯ. ಎಣ್ಣೆ ಬಾವಿಯಿಂದ ಬಂದರೆ ಅಲ್ಲ.

ಕ್ಲಾಸ್ 2 ನಿಯಮ ಬರೆದದ್ದು ಕುಡಿಯುವ ನೀರನ್ನು ಕಾಪಾಡಲು. ಭೂಕಂಪದ ಬಗ್ಗೆ ಆ ಕೇಂದ್ರ ನಿಯಮದಲ್ಲಿ ಏನೂ ಇಲ್ಲ. ಮುಂದಿನ ಕಥೆಯೆಲ್ಲ ಈ ಖಾಲಿ ಜಾಗದಲ್ಲೇ ಆಗಿದ್ದು.

ತುಲ್ಸಾ ತಿಪಟೂರು:
ಆ ಕಥೆ ನಮ್ಮ ರಾಜ್ಯದ್ದು, ಆದ್ದರಿಂದ ನಾನೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಒಕ್ಲಹೋಮಾದಲ್ಲಿ 2009ಕ್ಕೆ ಮೊದಲು 3ಕ್ಕಿಂತ ದೊಡ್ಡ ಭೂಕಂಪ ವರ್ಷಕ್ಕೆ ಒಂದೋ ಎರಡೋ ಆಗುತ್ತಿತ್ತು. 2015ರಲ್ಲಿ 900 ದಾಟಿತು. ಕ್ಯಾಲಿಫೋರ್ನಿಯಾವನ್ನೂ ಹಿಂದೆ ಹಾಕಿದೆವು. ಸುಂಟರಗಾಳಿಗೆ ಹೆದರುವ ಊರು ಇದು. ಭೂಕಂಪ ಅಂದರೆ ಏನು ಮಾಡಬೇಕು ಎಂದೇ ಜನಕ್ಕೆ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಮಿಸಿಸಿಪ್ಪಿಯನ್ ಲೈಮ್ ಎಂಬ ಪದರದಲ್ಲಿ ಎಣ್ಣೆ ಇದೆ, ಆದರೆ ಅದರ ತುಂಬ ನೀರು. ಒಂದು ಬ್ಯಾರೆಲ್ ಎಣ್ಣೆಗೆ ಹತ್ತು ಬ್ಯಾರೆಲ್, ಕೆಲವು ಕಡೆ ಅದಕ್ಕೂ ಜಾಸ್ತಿ. ಎಣ್ಣೆಗೆ ಬೆಲೆ ಬಂದಾಗ ಇದೂ ಲಾಭ ಅನ್ನಿಸಿತು. ನೀರನ್ನೆಲ್ಲ ಆರ್ಬಕಲ್ ಎಂಬ ಆಳದ ಪದರಕ್ಕೆ ಇಳಿಸಿದರು. ಅದು ಎಷ್ಟು ಕುಡಿಸಿದರೂ ಕುಡಿಯುವ ಕಲ್ಲು. ಕೆಲವು ಕಡೆ ಪಂಪಿನ ಒತ್ತಡವೂ ಬೇಕಿರಲಿಲ್ಲ, ತಾನೇ ಇಳಿಯುತ್ತಿತ್ತು. ಎಲ್ಲರಿಗೂ ಖುಷಿ. ಆದರೆ ಆರ್ಬಕಲ್ ಕೆಳಗೆ ಇರುವುದು ಗಟ್ಟಿ ತಳಪಾಯದ ಬಂಡೆ, ಅದರಲ್ಲಿ ಹಳೆಯ ಬಿರುಕುಗಳು. ನೀರಿನ ಒತ್ತಡ ಆ ಬಿರುಕಿಗೆ ತಲುಪಿದಾಗ ಎರಡು ಕಡೆಯ ಬಂಡೆಯನ್ನು ಒತ್ತಿ ಹಿಡಿದಿದ್ದ ಹಿಡಿತ ಸಡಿಲವಾಗುತ್ತದೆ. ಬಂಡೆ ಜಾರುತ್ತದೆ.

2011ರ ನವೆಂಬರ್‌ನಲ್ಲಿ ಪ್ರೇಗ್ ಎಂಬ ಊರಿನ ಹತ್ತಿರ 5.7. ಶಾನಿಯಲ್ಲಿ ಸೇಂಟ್ ಗ್ರೆಗರಿ ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಗೋಪುರ ಬಿತ್ತು. ರಾಜ್ಯದ ಭೂವಿಜ್ಞಾನ ಸರ್ವೆ "ಬಹುತೇಕ ಕಂಪನಗಳಿಗೆ ವಿಲೇವಾರಿ ಬಾವಿಯೇ ಕಾರಣ ಇರುವ ಸಾಧ್ಯತೆ ತುಂಬಾ ಇದೆ" ಎಂದು ಬರೆದು ಕೊಟ್ಟದ್ದು 2015ರ ಏಪ್ರಿಲ್‌ನಲ್ಲಿ. ಮೂರೂವರೆ ವರ್ಷ! ಅಷ್ಟರಲ್ಲಿ ಎಷ್ಟು ಬಾವಿಗೆ ಪರ್ಮಿಟ್ ಹೋಗಿರಬೇಡ.

ಇಲ್ಲಿ ಅಧಿಕಾರ ಇರುವುದು ಕಾರ್ಪೊರೇಷನ್ ಕಮಿಷನ್‌ಗೆ. ಅಲ್ಲೂ ಚುನಾಯಿತ ಮೂವರೇ. 2015ರಲ್ಲಿ ಮೊದಲು ಹೇಳಿದ್ದು, "ನಿಮ್ಮ ಬಾವಿ ತಳಪಾಯದ ಬಂಡೆ ಮುಟ್ಟಿದ್ದರೆ ಕೆಳಭಾಗಕ್ಕೆ ಸಿಮೆಂಟ್ ಹಾಕಿ ಮೇಲೆ ಬನ್ನಿ" ಎಂದು. 2016ರ ಫೆಬ್ರವರಿ, ಮಾರ್ಚ್‌ನಲ್ಲಿ 600ಕ್ಕೂ ಜಾಸ್ತಿ ಬಾವಿಗಳನ್ನು ಸೇರಿಸಿ 2014ರ ಲೆಕ್ಕಕ್ಕಿಂತ ಸುಮಾರು 40 ಶೇಕಡ ಕಡಿಮೆ ಮಾಡಿಸಿದರು. ಆದರೂ ಸೆಪ್ಟೆಂಬರ್ 3ಕ್ಕೆ ಪಾನಿಯಲ್ಲಿ 5.8 ಬಂತು. ರಾಜ್ಯದ ಇತಿಹಾಸದಲ್ಲೇ ದೊಡ್ಡದು. ಅವತ್ತೇ 37 ಬಾವಿ ಮುಚ್ಚಲು ಆದೇಶ.

ಅಲ್ಲೊಂದು ವಿಚಿತ್ರ. ಪಕ್ಕದ ಓಸೇಜ್ ಕೌಂಟಿಯ ಬಾವಿಗಳ ಮೇಲೆ ಈ ಕಮಿಷನ್‌ಗೆ ಅಧಿಕಾರವೇ ಇಲ್ಲ. ಅದು ಓಸೇಜ್ ಮೂಲನಿವಾಸಿಗಳ ಖನಿಜ ಹಕ್ಕಿನ ನೆಲ, ನೇರ ಇಪಿಎ ಕೈಯಲ್ಲಿದೆ. ಬಿರುಕು ಒಂದೇ, ಆಫೀಸು ಎರಡು.

ನವೆಂಬರ್‌ನಲ್ಲಿ ಕುಶಿಂಗ್‌ನಲ್ಲಿ 5.0. ದೇಶದ ಎಣ್ಣೆಯ ಬೆಲೆ ನಿಗದಿಯಾಗುವ ಊರು, ಸಾಲು ಸಾಲು ದೊಡ್ಡ ಟ್ಯಾಂಕ್‌ಗಳು. ಮನೆಗಳು ಅಲುಗಿದಾಗ ಇಲ್ಲದ ಅವಸರ ಟ್ಯಾಂಕ್ ಅಲುಗಿದಾಗ ಬಂತು ಎಂದು ಇಲ್ಲಿ ಜನ ಆಡಿಕೊಳ್ಳುತ್ತಾರೆ. ಪೂರ್ತಿ ನ್ಯಾಯದ ಮಾತಲ್ಲ, ಪೂರ್ತಿ ಸುಳ್ಳೂ ಅಲ್ಲ.

ರಿಗ್ ಮನುಷ್ಯ:
ತುಲ್ಸಾ ಅವರೇ, ನೀವು ಕಥೆಯ ಇನ್ನರ್ಧ ಹೇಳಲಿಲ್ಲ. 2016ರ ನಂತರ ಸಂಖ್ಯೆ ಇಳಿದಿದೆ, 2017ರಲ್ಲಿ 2015ರ ಅರ್ಧಕ್ಕಿಂತ ಕಡಿಮೆ. ಕ್ಯಾನ್ಸಸ್ ಇನ್ನೂ ಬೇಗ ಎದ್ದಿತು. 2014ರ ನವೆಂಬರ್‌ನಲ್ಲಿ ಮಿಲಾನ್ ಹತ್ತಿರ 4.9 ಆಯಿತು. 2015ರ ಮಾರ್ಚ್‌ನಲ್ಲೇ ಹಾರ್ಪರ್, ಸಮ್ನರ್ ಕೌಂಟಿಗಳಲ್ಲಿ ಕಂಪನ ಜಾಸ್ತಿ ಇರುವ ಜಾಗಗಳ ಬಾವಿಗೆ ದಿನಕ್ಕೆ 8,000 ಬ್ಯಾರೆಲ್ ಎಂಬ ಮಿತಿ ತಂದರು. ಅಲ್ಲೂ ಇಳಿಯಿತು. ಅರ್ಕಾನ್ಸಾ 2011ರಲ್ಲೇ ಗೈ, ಗ್ರೀನ್‌ಬ್ರಿಯರ್ ಸುತ್ತ ಇಂಥ ಬಾವಿಯನ್ನೇ ನಿಷೇಧಿಸಿತು. ರಾಜ್ಯಗಳು ಏನೂ ಮಾಡಲಿಲ್ಲ ಅನ್ನುವುದು ತಪ್ಪು. ಸಾವಿರಾರು ಬಾವಿಗಳು ಒಂದು ಸಲವೂ ನೆಲ ಅಲುಗಿಸಿಲ್ಲ.

ತುಲ್ಸಾ ತಿಪಟೂರು:
ಒಪ್ಪುತ್ತೇನೆ ಸರ್. ಇಳಿಯಿತು. ಆದರೆ 2015ರಲ್ಲಿ ಎಣ್ಣೆ ಬೆಲೆ ಕುಸಿದು ಕೊರೆಯುವುದೇ ಕಡಿಮೆಯಾಗಿತ್ತಲ್ವಾ? ಆ ಪಾಲನ್ನೂ ಲೆಕ್ಕಕ್ಕೆ ಹಿಡಿಯಿರಿ.

ನನ್ನ ತಕರಾರು ಬೇರೆ. ಪ್ರತಿಯೊಂದು ಬಾವಿಯ ಪರ್ಮಿಟ್ ತೆಗೆದು ನೋಡಿದರೆ ಸರಿಯಾಗಿಯೇ ಇತ್ತು. ಕೇಸಿಂಗ್ ಸರಿ, ಸಿಮೆಂಟ್ ಸರಿ, ಒತ್ತಡ ಮಿತಿಯೊಳಗೆ. ಒಂದೇ ಪದರಕ್ಕೆ ಎಲ್ಲರೂ ಸೇರಿ ಎಷ್ಟು ತುಂಬುತ್ತಿದ್ದೇವೆ ಎಂದು ಕೇಳುವ ಕಾಲಂ ಆ ಅರ್ಜಿಯಲ್ಲಿ ಇರಲಿಲ್ಲ. ಕಂಡಕ್ಟರ್ ಒಬ್ಬೊಬ್ಬರಿಗೂ ಸರಿಯಾಗಿ ಟಿಕೆಟ್ ಹರಿದು ಕೊಟ್ಟ, ಚಿಲ್ಲರೆಯೂ ಸರಿ ಕೊಟ್ಟ, ಬಸ್ಸಲ್ಲಿ ಎಷ್ಟು ಜನ ಆದರು ಎಂದು ಮಾತ್ರ ಎಣಿಸಲಿಲ್ಲ.

ಕೃಷ್ಣಾ ತೀರ:
ಮನುಷ್ಯ ನೆಲ ಅಲುಗಿಸಬಲ್ಲ ಎಂದು ಅಮೆರಿಕಕ್ಕೆ 2011ರಲ್ಲಿ ಗೊತ್ತಾದದ್ದೇನಲ್ಲ. ಡೆನ್ವರ್ ಹತ್ತಿರ ರಾಕಿ ಮೌಂಟನ್ ಆರ್ಸೆನಲ್‌ನಲ್ಲಿ ಸೇನೆಯವರು ರಾಸಾಯನಿಕ ಅಸ್ತ್ರ ತಯಾರಿಕೆಯ ಕೊಳಕು ನೀರನ್ನು 12,000 ಅಡಿ ಆಳದ ಬಾವಿಗೆ 1962ರಿಂದ ತುಂಬಿದರು. ಕಂಪನ ಶುರುವಾಯಿತು. ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ತುಂಬಿದ ಪ್ರಮಾಣವನ್ನೂ ಕಂಪನದ ಎಣಿಕೆಯನ್ನೂ ಒಟ್ಟಿಗೆ ಇಟ್ಟು ತೋರಿಸಿದರು. 1966ರಲ್ಲಿ ನಿಲ್ಲಿಸಿದರು. ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ, ನಿಲ್ಲಿಸಿದ ಮೇಲೆ! ಆಮೇಲೆ ಅದೇ ರಾಜ್ಯದ ರೇಂಜ್ಲಿ ಎಣ್ಣೆ ಕ್ಷೇತ್ರದಲ್ಲಿ ಯುಎಸ್‌ಜಿಎಸ್‌ನವರು (ಕೇಂದ್ರದ ಭೂವಿಜ್ಞಾನ ಸರ್ವೆ) ಒತ್ತಡ ಏರಿಸಿ ಇಳಿಸಿ, ಕಂಪನವನ್ನು ಹೆಚ್ಚೂ ಕಡಿಮೆ ಮಾಡಿ ತೋರಿಸಿದರು. ವಿಜ್ಞಾನ ಆಗಲೇ ಇತ್ತು. ನಿಯಮಕ್ಕೆ ಬರಲು 40 ವರ್ಷ ಹಿಡಿಯಿತು.

ಅದೇ 1967ರ ಡಿಸೆಂಬರ್ 11ಕ್ಕೆ ನಮ್ಮ ಕೊಯ್ನಾ. ಕೃಷ್ಣೆಯ ಉಪನದಿ ಅದು. ಅಣೆಕಟ್ಟಿನಲ್ಲಿ ನೀರು ನಿಂತು ಕೆಲವೇ ವರ್ಷಕ್ಕೆ ನೆಲ ನಡುಗಿ ಊರು ಬಿತ್ತು. ಅಲ್ಲಿ ನೀರು ತುಂಬಿದ್ದು ನೆಲದ ಮೇಲೆ, ಇಲ್ಲಿ ಕೆಳಗೆ. ಬಿರುಕಿನ ಮೇಲಾಗುವ ಕೆಲಸದಲ್ಲಿ ನೆಂಟಸ್ತನ ಇದೆ.

ಪಿಟ್ಸ್‌ಬರ್ಗ್ ಮಲೆನಾಡು:
ಪೆನ್ಸಿಲ್ವೇನಿಯಾ ಕಡೆಯದು ಬೇರೆಯೇ ರಗಳೆ. ಇಲ್ಲಿ ಮಾರ್ಸೆಲಸ್ ಎಂಬ ಶೇಲ್ (ಪದರ ಪದರದ ಜೇಡಿ ಕಲ್ಲು) ಗ್ಯಾಸ್ ಶುರುವಾದಾಗ ನೀರು ತುಂಬಲು ಬಾವಿಗಳೇ ಹೆಚ್ಚಿಗೆ ಇರಲಿಲ್ಲ. ನಮ್ಮ ರಾಜ್ಯ ಆ ಅಧಿಕಾರ ಪಡೆದುಕೊಂಡಿರಲೂ ಇಲ್ಲ, ಪರ್ಮಿಟ್ ಕೊಡುವುದು ನೇರ ಇಪಿಎ. ಹಾಗಾಗಿ ಲಾರಿಗಳಲ್ಲಿ ನೀರನ್ನು ಊರಿನ ಚರಂಡಿ ನೀರು ಶುದ್ಧ ಮಾಡುವ ಘಟಕಕ್ಕೆ ಕೊಟ್ಟರು. ಆ ಘಟಕ ಮಲ ಮೂತ್ರಕ್ಕೆ ಕಟ್ಟಿದ್ದು. ಉಪ್ಪನ್ನು ಅದು ತೆಗೆಯುವುದಿಲ್ಲ. ಉಪ್ಪು ಸೀದಾ ನದಿಗೆ. ನೀರಿನಲ್ಲಿರುವ ಬ್ರೋಮೈಡ್, ಕೆಳಗಿನ ಊರಿನ ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಜೊತೆ ಸೇರಿ ಟ್ರೈಹ್ಯಾಲೊಮೀಥೇನ್ ಆಗುತ್ತದೆ. ಕ್ಯಾನ್ಸರ್‌ಗೆ ದಾರಿ ಎಂದು ಸಂಶಯ ಇರುವ ವಸ್ತು ಅದು.

2011ರ ಏಪ್ರಿಲ್‌ನಲ್ಲಿ ರಾಜ್ಯದ ಪರಿಸರ ಇಲಾಖೆ "ಮೇ 19ರ ಒಳಗೆ ನಿಲ್ಲಿಸಿ" ಎಂದಿತು. ಗಮನಿಸಿ, ಆದೇಶ ಅಲ್ಲ, ಕೋರಿಕೆ. ಕಂಪನಿಗಳು ಹೆಚ್ಚುಕಮ್ಮಿ ಕೇಳಿದವು. ಶೇಲ್ ಕಂಪನಿಗಳ ನೀರು ಊರಿನ ಘಟಕಕ್ಕೆ ಹೋಗಲೇಬಾರದು ಎಂದು ಇಪಿಎ ನಿಯಮ ಮಾಡಿದ್ದು 2016ರಲ್ಲಿ. ಬ್ಲ್ಯಾಕ್‌ಲಿಕ್ ತೊರೆಗೆ ನೀರು ಬಿಡುತ್ತಿದ್ದ ಒಂದು ಘಟಕದ ಕೆಳಗೆ, ಕೆಸರಿನಲ್ಲಿ ರೇಡಿಯಂ ಮೇಲ್ಭಾಗಕ್ಕಿಂತ ಸುಮಾರು 200 ಪಟ್ಟು ಇತ್ತೆಂದು ಡ್ಯೂಕ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದರು.

ಆಮೇಲೆ? ಲಾರಿಗಳು ಒಹಾಯೊ ಕಡೆ ತಿರುಗಿದವು. ಅಲ್ಲಿ ಪರ್ಮಿಟ್ ರಾಜ್ಯದ ಕೈಯಲ್ಲಿ, ಬಾವಿಗಳೂ ಬೇಕಾದಷ್ಟು. ಹೊರ ರಾಜ್ಯದ ನೀರು ಬೇಡ ಅನ್ನುವ ಹಾಗಿಲ್ಲ, ರಾಜ್ಯಗಳ ನಡುವಿನ ವ್ಯಾಪಾರ ತಡೆಯಲು ಸಂವಿಧಾನ ಬಿಡುವುದಿಲ್ಲ. ಬ್ಯಾರೆಲ್‌ಗೆ ತಮ್ಮ ಕಡೆಯದಕ್ಕೆ 5 ಸೆಂಟ್, ಹೊರಗಿನದಕ್ಕೆ 20 ಸೆಂಟ್ ಶುಲ್ಕ ಇಟ್ಟರು. ಯಂಗ್ಸ್‌ಟೌನ್‌ನಲ್ಲಿ ಒಂದು ಬಾವಿ ನೀರು ಕುಡಿಯಲು ಶುರುಮಾಡಿ ವರ್ಷ ತುಂಬುವುದರೊಳಗೆ ಊರು ಅಲುಗಿತು. 2011ರ ಡಿಸೆಂಬರ್ 30ಕ್ಕೆ ಪಂಪ್ ನಿಲ್ಲಿಸಿದರು, 31ಕ್ಕೆ ಎಲ್ಲಕ್ಕಿಂತ ದೊಡ್ಡದು, ಸುಮಾರು 4. ಕೃಷ್ಣಾ ತೀರದವರು ಹೇಳಿದ ಡೆನ್ವರ್ ಕಥೆಯೇ.

ನಾವು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವಾಗ ಹೆದ್ದಾರಿಯಲ್ಲಿ "ಬ್ರೈನ್" ಎಂದು ಬರೆದ ಟ್ಯಾಂಕರ್ ಕಾಣುತ್ತಿತ್ತು. ಮಾವಿನ ಉಪ್ಪಿನಕಾಯಿಗೆ ಹಾಕುವ ಉಪ್ಪು ನೀರು ಅಂತ ನಮ್ಮತ್ತೆ ತಿಳಿದುಕೊಂಡಿದ್ದರು!

ಕೊಳವೆಬಾವಿ:
ಪಿಟ್ಸ್‌ಬರ್ಗ್ ಮೇಡಂ, ನಿಮ್ಮ ರಾಜ್ಯದ್ದು ಸ್ವಚ್ಛ ಆಯಿತು, ಪಕ್ಕದ ರಾಜ್ಯ ನಡುಗಿತು. ಕಸ ಬೀದಿಯ ಆ ತುದಿಗೆ ಗುಡಿಸಿದ ಹಾಗಾಯಿತು ಅಷ್ಟೇ.

ಪಿಟ್ಸ್‌ಬರ್ಗ್ ಮಲೆನಾಡು:
ಸ್ವಚ್ಛವೂ ಆಗಲಿಲ್ಲ ಸರ್. ಹಳೆಯ ಸಣ್ಣ ಬಾವಿಗಳವರು ತಮ್ಮ ನೀರನ್ನು ಮಣ್ಣಿನ ರಸ್ತೆಗೆ ಧೂಳು ಏಳದ ಹಾಗೆ ಚಿಮುಕಿಸುತ್ತಿದ್ದರು. 2018ರಲ್ಲಿ ಅದಕ್ಕೂ ರಾಜ್ಯ ತಡೆ ಹಾಕಬೇಕಾಯಿತು. ಒಹಾಯೊದಲ್ಲಿ ಅದಕ್ಕೆ ಕಾನೂನೇ ದಾರಿ ಬಿಟ್ಟಿದೆ.

ಮಿಡ್‌ಲ್ಯಾಂಡ್ ವಾಸಿ:
ಬಯಲುಸೀಮೆಯವರಿಗೆ ಬೇಕಾದದ್ದು ನಮ್ಮ ಕಡೆಯ ವಿಷಯ, ಅಲ್ಲಿಗೆ ಬರೋಣ.

ಟೆಕ್ಸಾಸ್ 2014ರಲ್ಲಿ ನಿಯಮ ತಿದ್ದಿತು. ಹೊಸ ಅರ್ಜಿ ಹಾಕುವವರು ಬಾವಿಯ ಸುತ್ತ 100 ಚದರ ಮೈಲಿಯಲ್ಲಿ ಹಿಂದೆ ಕಂಪನ ಆಗಿದೆಯಾ ಎಂದು ಹುಡುಕಿ ಕೊಡಬೇಕು. ಕಂಪನ ಆದರೆ ಪರ್ಮಿಟ್ ತಿದ್ದುವ, ನಿಲ್ಲಿಸುವ ಅಧಿಕಾರ ಕಮಿಷನ್‌ಗೆ ಬಂತು. ಅಳೆಯಲು ಟೆಕ್ಸ್‌ನೆಟ್ ಎಂಬ ಜಾಲವನ್ನೂ ರಾಜ್ಯದ ದುಡ್ಡಿನಲ್ಲಿ ಕಟ್ಟಿದರು. ಇದು ಒಳ್ಳೆಯ ಕೆಲಸ, ಹೇಳಲೇಬೇಕು.

2021ರ ಸೆಪ್ಟೆಂಬರ್‌ನಲ್ಲಿ ಮಿಡ್‌ಲ್ಯಾಂಡ್, ಒಡೆಸ್ಸಾ ನಡುವಿನ ಗಾರ್ಡನ್‌ಡೇಲ್ ಸುತ್ತಮುತ್ತಲನ್ನು ಕಂಪನ ನಿಗಾ ಪ್ರದೇಶ ಎಂದು ಗುರುತಿಸಿದರು. ಮೊದಲು ಕಡಿಮೆ ಮಾಡಿ ಎಂದರು. ಕಂಪನ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಆಳದ ಬಾವಿಗಳ ಪರ್ಮಿಟ್ ಅಮಾನತು ಮಾಡಿದರು. ಕಲ್ಬರ್‌ಸನ್–ರೀವ್ಸ್, ಸ್ಟ್ಯಾಂಟನ್ ಕಡೆಯೂ ಇಂಥವೇ ಪ್ರದೇಶ ಬಂದವು. 2022ರ ನವೆಂಬರ್‌ನಲ್ಲಿ ಮೆಂಟೋನ್ ಹತ್ತಿರ 5.4. ಮರು ತಿಂಗಳು ಮಿಡ್‌ಲ್ಯಾಂಡ್ ಉತ್ತರಕ್ಕೆ 5 ದಾಟಿದ ಇನ್ನೊಂದು.

ಆಳದಲ್ಲಿ ತುಂಬಬೇಡಿ ಎಂದ ಮೇಲೆ ನೀರು ಎಲ್ಲಿಗೆ ಹೋಗಬೇಕು? ಮೇಲಿನ ಪದರಗಳಿಗೆ. ತಳಪಾಯದ ಬಂಡೆಯಿಂದ ದೂರ, ಕಂಪನ ಕಡಿಮೆ ಎಂಬ ಲೆಕ್ಕ. ಆದರೆ ಪಶ್ಚಿಮ ಟೆಕ್ಸಾಸ್ ನೆಲ ಶತಮಾನದಿಂದ ಕೊರೆಸಿಕೊಂಡಿದೆ. ಆ ಮೇಲಿನ ಪದರದಲ್ಲಿ ಹಳೆಯ ಬಾವಿಗಳು ಎಲ್ಲೆಂದರಲ್ಲಿ. ಕೆಲವಕ್ಕೆ ಸರಿಯಾಗಿ ಮುಚ್ಚಳವಿಲ್ಲ, ಕೆಲವು ಯಾವ ಕಾಗದದಲ್ಲೂ ಇಲ್ಲ. ರಾಜ್ಯದ ಪಟ್ಟಿಯಲ್ಲೇ ವಾರಸುದಾರರಿಲ್ಲದ ಬಾವಿ 8,000ಕ್ಕೂ ಜಾಸ್ತಿ. ಪದರದಲ್ಲಿ ಒತ್ತಡ ಏರಿತು. ನೀರು ಹಳೆಯ ಬಾವಿಗಳಲ್ಲಿ ಮೇಲೆ ಬಂತು. 2022ರಲ್ಲಿ ಕ್ರೇನ್ ಕೌಂಟಿಯಲ್ಲಿ 100 ಅಡಿ ಎತ್ತರಕ್ಕೆ ಉಪ್ಪು ನೀರು ಚಿಮ್ಮಿತು. 2023ರ ಡಿಸೆಂಬರ್‌ನಲ್ಲಿ ಅದೇ ಕೌಂಟಿಯಲ್ಲಿ ಮತ್ತೊಂದು, ಅದನ್ನು ಮುಚ್ಚಲು ಕಮಿಷನ್‌ಗೆ ಸುಮಾರು 25 ಲಕ್ಷ ಡಾಲರ್ ಖರ್ಚಾಯಿತು. 2024ರ ಅಕ್ಟೋಬರ್‌ನಲ್ಲಿ ಟೋಯಾ ಎಂಬ ಪುಟ್ಟ ಊರಿನ ಹತ್ತಿರ ಇನ್ನೊಂದು, ಊರೆಲ್ಲ ಕೊಳೆತ ಮೊಟ್ಟೆ ವಾಸನೆ. ಉಪಗ್ರಹದ ರಾಡಾರ್‌ನಲ್ಲಿ ನೋಡಿದರೆ ಕೆಲವು ಕಡೆ ನೆಲ ಉಬ್ಬಿದ್ದೂ ಕಾಣುತ್ತದೆ.

ಪೇಕೋಸ್ ಕೌಂಟಿಯಲ್ಲಿ ಬೋಮರ್ ಕೆರೆ ಅಂತ ಇದೆ. ಕೆರೆ ಅನ್ನುವುದು ಮರ್ಯಾದೆಗೆ. ಹಳೆಯ ಬಾವಿಯೊಂದು ವರ್ಷಗಳಿಂದ ಗಂಧಕದ ಉಪ್ಪು ನೀರು ಕಕ್ಕಿ ಕಕ್ಕಿ ಆದದ್ದು. ಎಣ್ಣೆ ಹುಡುಕಲು ಕೊರೆದರು, ಆಮೇಲೆ ಜಮೀನಿನವರು ನೀರಿಗೆ ಬಳಸಿದರು. "ಹಾಗಾದರೆ ಅದು ನೀರಿನ ಬಾವಿ, ನಮಗೆ ಸೇರಿದ್ದಲ್ಲ" ಎನ್ನುತ್ತದೆ ರೈಲ್‌ರೋಡ್ ಕಮಿಷನ್. ಅಲ್ಲಿನ ಅಂತರ್ಜಲ ಮಂಡಳಿ "ನಮ್ಮಲ್ಲಿ ಅಷ್ಟು ದುಡ್ಡೆಲ್ಲಿದೆ" ಎನ್ನುತ್ತದೆ. ನೀರು ಹರಿಯುತ್ತಲೇ ಇದೆ.

ರಿಗ್ ಮನುಷ್ಯ:
ಬೋಮರ್ ವಿಷಯದಲ್ಲಿ ನನಗೂ ನಾಚಿಕೆ. ಆದರೆ ಅದು ಈಗಿನ ವಿಲೇವಾರಿ ಬಾವಿಗಳಿಂದ ಆದದ್ದಲ್ಲ, ಅದಕ್ಕಿಂತ ಹಳೆಯದು. ಎರಡನ್ನೂ ಬೆರೆಸಬೇಡಿ.

2025ರ ಜೂನ್ 1ರಿಂದ ಪರ್ಮಿಯನ್‌ಗೆ ಹೊಸ ಮಾರ್ಗಸೂಚಿ ಬಂದಿದೆ. ಮೊದಲು ಅರ್ಜಿದಾರ ಕಾಲು ಮೈಲಿ ಸುತ್ತ ಹಳೆಯ ಬಾವಿಗಳನ್ನು ಹುಡುಕಿದರೆ ಸಾಕಿತ್ತು. ಈಗ ಅರ್ಧ ಮೈಲಿ. ಮೇಲಿನ ಕಲ್ಲು ಬಿರಿಯದ ಹಾಗೆ ಪಂಪಿನ ಒತ್ತಡಕ್ಕೆ ಮಿತಿ. ಪದರದಲ್ಲಿ ಈಗಾಗಲೇ ಎಷ್ಟು ಒತ್ತಡ ಇದೆ ಎಂಬುದರ ಮೇಲೆ ದಿನದ ಪ್ರಮಾಣಕ್ಕೂ ಮಿತಿ. ತುಲ್ಸಾ ಅವರು ಕೇಳಿದ ಕಾಲಂ ಇದೇ ಅಲ್ವಾ?

ತುಲ್ಸಾ ತಿಪಟೂರು:
ಹೌದು, ಅದೇ. ಬಂದದ್ದು ಒಳ್ಳೆಯದಾಯಿತು. ಆದರೆ ಅದು ಹೊಸ ಅರ್ಜಿಗೆ. ಈಗಾಗಲೇ ತುಂಬುತ್ತಿರುವ ಹಳೆಯ ಪರ್ಮಿಟ್‌ಗಳು? ಒತ್ತಡ ಏರಿಸಿದವರು ಅವರು, ಕಾಲಂ ತುಂಬಬೇಕಾದವರು ಈಗ ಬರುವವರು.

ರಿಗ್ ಮನುಷ್ಯ:
ಕೊಟ್ಟ ಪರ್ಮಿಟ್ ಕಿತ್ತುಕೊಳ್ಳುವುದು ಸುಲಭ ಅಲ್ಲ. ಆ ಪರ್ಮಿಟ್ ನಂಬಿ ಕೋಟಿಗಟ್ಟಲೆ ಹಾಕಿರುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಮತ್ತೆ ನೀರು ನಿಲ್ಲಿಸಿದರೆ ಎಣ್ಣೆ ನಿಲ್ಲುತ್ತದೆ. ಟೆಕ್ಸಾಸ್‌ನ ಸರ್ಕಾರಿ ಶಾಲೆ, ವಿಶ್ವವಿದ್ಯಾಲಯಗಳಿಗೆ ಎಣ್ಣೆಯ ದುಡ್ಡು ಎಷ್ಟು ಹೋಗುತ್ತದೆ ಎಂದು ಮಿಡ್‌ಲ್ಯಾಂಡ್ ಅವರನ್ನೇ ಕೇಳಿ.

ತುಲ್ಸಾ ತಿಪಟೂರು:
ಕೋರ್ಟಿಗೆ ಹೋಗುವ ಹಕ್ಕು ಎರಡೂ ಕಡೆ ಇರಲಿ ಎನ್ನುತ್ತೇನೆ. 2011ರಲ್ಲಿ ಚಿಮಣಿಯ ಕಲ್ಲು ಕಾಲ ಮೇಲೆ ಬಿದ್ದ ಮಹಿಳೆಯೊಬ್ಬರು ಪರಿಹಾರ ಕೇಳಿದರು. ಕಂಪನಿಗಳು "ಇದು ಕಾರ್ಪೊರೇಷನ್ ಕಮಿಷನ್ ನೋಡುವ ವಿಷಯ, ಕೋರ್ಟಿಗೆ ಸಂಬಂಧವಿಲ್ಲ" ಎಂದು ವಾದಿಸಿದವು. ಕೆಳ ಕೋರ್ಟು ಹೂಂ ಅಂದಿತ್ತು. ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ತಳ್ಳಿಹಾಕಿತು. ಕಮಿಷನ್ ನಿಯಮ ಮಾಡಬಹುದು, ಗಾಯಕ್ಕೆ ಪರಿಹಾರ ಕೊಡಿಸಲು ಅದಕ್ಕೆ ಬರುವುದಿಲ್ಲ, ಕೋರ್ಟಿಗೇ ಬನ್ನಿ ಎಂದಿತು. ಪರ್ಮಿಟ್ ಇದೆ ಅನ್ನುವುದು ಗುರಾಣಿ ಅಲ್ಲ ಎಂದು ಆವತ್ತು ಗೊತ್ತಾಯಿತು.

ಕಾನೂನು ಕಟ್ಟೆ:
ಗುರಾಣಿ ಅಂದದ್ದಕ್ಕೆ ಒಂದು ಸೇರಿಸುತ್ತೇನೆ. ನೆಲದೊಳಗೆ ಜಾಗ ಮುಗಿಯುತ್ತಾ ಬಂದ ಹಾಗೆ ಈಗ ಎಲ್ಲರ ಕಣ್ಣು ಶುದ್ಧೀಕರಣದ ಮೇಲೆ. ಉಪ್ಪು ತೆಗೆದು ಹತ್ತಿಗೆ ಬಿಡೋಣ, ನದಿಗೆ ಬಿಡೋಣ ಎಂದು. ಟೆಕ್ಸಾಸ್ 2021ರಲ್ಲಿ ಇದನ್ನು ಅಧ್ಯಯನ ಮಾಡಲು ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಒಂದು ಒಕ್ಕೂಟ ಮಾಡಿತು. 2025ರಲ್ಲಿ ಬಂದ ಕಾನೂನು, ಶುದ್ಧ ಮಾಡಿದ ನೀರನ್ನು ಮಾರುವವರಿಗೂ ಬಳಸುವವರಿಗೂ ಹೊಣೆಯಿಂದ ದೊಡ್ಡ ರಕ್ಷಣೆ ಕೊಟ್ಟಿದೆ. ಘೋರ ನಿರ್ಲಕ್ಷ್ಯದಂಥದ್ದು ಇದ್ದರೆ ಮಾತ್ರ ಹಿಡಿಯಬಹುದು.

ಕೇಂದ್ರದ ನಿಯಮದಲ್ಲಿ ಒಂದು ಗೆರೆಯೂ ಇದೆ, 98ನೇ ರೇಖಾಂಶ. ಅದರ ಪೂರ್ವಕ್ಕೆ ನೆಲದ ಮೇಲಿನ ಎಣ್ಣೆ ಬಾವಿಯ ನೀರನ್ನು ಹೊಳೆಗೆ ಬಿಡುವ ಹಾಗಿಲ್ಲ. ಪಶ್ಚಿಮಕ್ಕೆ, ದನಕ್ಕೋ ಬೆಳೆಗೋ ಆಗುವಷ್ಟು ಚೆನ್ನಾಗಿದ್ದರೆ ಬಿಡಬಹುದು. ಒಣ ಸೀಮೆಯ ರೈತರಿಗೆ ಅನುಕೂಲ ಎಂದು ಬರೆದದ್ದು. ಮಿಡ್‌ಲ್ಯಾಂಡ್ ಗೆರೆಯ ಪಶ್ಚಿಮಕ್ಕೇ ಬರುತ್ತದೆ.

ಕೊಳವೆಬಾವಿ:
ನಮ್ಮಲ್ಲಿ ಇದನ್ನು ಯಾರು ನೋಡುತ್ತಾರೆ?

ಕಾನೂನು ಕಟ್ಟೆ:
ಕರ್ನಾಟಕದಲ್ಲಿ ಎಣ್ಣೆ ಬಾವಿ ಇಲ್ಲ. ಅಸ್ಸಾಂ, ಗುಜರಾತ್, ಬಾಡ್ಮೇರ್, ಗೋದಾವರಿ ಕಡೆ ಇದೆ. ಮಾನದಂಡ ಕೇಂದ್ರದ ಪರಿಸರ ನಿಯಮಗಳಲ್ಲಿದೆ. ಒಪ್ಪಿಗೆ, ತಪಾಸಣೆ ಆಯಾ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯದು. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಬಯಲುಸೀಮೆಯವ:
ಎಲ್ಲ ಓದಿದೆ, ತಮ್ಮನಿಗೂ ಕಳಿಸಿದೆ. ಅವನ ಪ್ರಶ್ನೆ ಒಂದೇ. ಮನೆ ತೆಗೆದುಕೊಳ್ಳಲಾ ಬೇಡವಾ?

ಮಿಡ್‌ಲ್ಯಾಂಡ್ ವಾಸಿ:
ಅದನ್ನು ನಾವು ಹೇಳಲಾಗದು. ಆದರೆ ಅಡ್ವಾನ್ಸ್ ಕೊಡುವ ಮೊದಲು ಇಷ್ಟು ಮಾಡಲಿ. ಕಮಿಷನ್ ಜಾಲತಾಣದಲ್ಲಿ ನಕ್ಷೆ ಇದೆ, ದುಡ್ಡು ಕೊಡಬೇಕಿಲ್ಲ. ಜಾಗದ ಸುತ್ತ ಅರ್ಧ ಮೈಲಿಯಲ್ಲಿ ಎಷ್ಟು ಬಾವಿ, ಯಾವ ವರ್ಷದ್ದು, ಮುಚ್ಚಿದ್ದಾರಾ ನೋಡಲಿ. 1950ಕ್ಕಿಂತ ಹಳೆಯದು ಕಂಡರೆ ಎಚ್ಚರ. ಟೆಕ್ಸ್‌ನೆಟ್‌ನಲ್ಲಿ ಕಂಪನದ ಪಟ್ಟಿ ನೋಡಲಿ. ಮನೆಯ ವಿಮೆಯಲ್ಲಿ ಭೂಕಂಪ ಸಾಮಾನ್ಯವಾಗಿ ಸೇರಿರುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು. ಮನುಷ್ಯರಿಂದಾದ ಕಂಪನಕ್ಕೂ ಕೊಡುತ್ತೀರಾ ಎಂದು ಬರಹದಲ್ಲೇ ಕೇಳಲಿ. ಒಕ್ಲಹೋಮಾದಲ್ಲಿ ವಿಮಾ ಕಮಿಷನರ್ 2015ರಲ್ಲಿ ಇದನ್ನೇ ಸ್ಪಷ್ಟ ಮಾಡಿ ಎಂದು ಕಂಪನಿಗಳಿಗೆ ಬರೆಯಬೇಕಾಯಿತು.

ಕಾನೂನು ಕಟ್ಟೆ:
ಅರ್ಜಿಗೆ ತಕರಾರು ಹಾಕಲು ದಿನ ಕಡಿಮೆ ಇರುತ್ತದೆ, 15 ದಿನ. ಜಾಗ ಇನ್ನೂ ನಿಮ್ಮ ತಮ್ಮನ ಹೆಸರಲ್ಲಿ ಇಲ್ಲ. ಈಗಿನ ಮಾಲೀಕರಿಂದ ಹಾಕಿಸಲಿ. ಬಾಧಿತರು ಎಂದು ಒಪ್ಪಿದರೆ ವಿಚಾರಣೆ ನಡೆಯುತ್ತದೆ. ಮಾರುವ ಅವಸರದಲ್ಲಿ ಇರುವವರು ಯಾಕೆ ಹಾಕುತ್ತಾರೆ ಎಂದು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ.

ರಿಗ್ ಮನುಷ್ಯ:
ಬಾವಿ ನೀರನ್ನು ಈಗಲೇ, ಪಕ್ಕದಲ್ಲಿ ಏನೂ ಶುರುವಾಗುವ ಮೊದಲೇ ಪರೀಕ್ಷೆ ಮಾಡಿಸಲಿ. ಸ್ವಂತ ಬಾವಿಯ ನೀರನ್ನು ಸರ್ಕಾರ ಬಂದು ಪರೀಕ್ಷಿಸುವುದಿಲ್ಲ. ಕ್ಲೋರೈಡ್, ಬ್ರೋಮೈಡ್, ಸೋಡಿಯಂ, ಬೇರಿಯಂ, ಒಟ್ಟು ಕರಗಿದ ಉಪ್ಪು, ಬೆಂಜೀನ್ ಇಷ್ಟೂ ಕೇಳಲಿ. ಕ್ಲೋರೈಡ್ ಒಂದೇ ಮಾಡಿಸಿದರೆ ಮುಂದೆ ಕಂಪನಿ ವಕೀಲರು "ಇಲ್ಲಿನ ನೀರು ಮೊದಲಿಂದಲೂ ಉಪ್ಪೇ" ಎನ್ನುತ್ತಾರೆ. ಬ್ರೋಮೈಡ್‌ಗೂ ಕ್ಲೋರೈಡ್‌ಗೂ ಇರುವ ಪ್ರಮಾಣ ನೋಡಿದರೆ ಉಪ್ಪು ಎಲ್ಲಿಂದ ಬಂತು ಎಂದು ಬಹಳಷ್ಟು ಸಲ ಹೇಳಬಹುದು. ಮಾದರಿ ತೆಗೆಯುವುದು ಪ್ರಯೋಗಾಲಯದವರೇ ಆಗಲಿ, ಮನೆಯವರು ಬಾಟಲಿಯಲ್ಲಿ ಹಿಡಿದು ಕೊಟ್ಟದ್ದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ತುಲ್ಸಾ ತಿಪಟೂರು:
ಎಣ್ಣೆ ಕಂಪನಿ ಕಡೆಯವರೇ ಇಷ್ಟು ಹೇಳುತ್ತಿದ್ದಾರೆ ಅಂದರೆ ಮಾಡಿಸಿಬಿಡಿ ಸರ್ 😄
ಮನೆಯ ಗೋಡೆ, ಅಡಿಪಾಯ, ಚಿಮಣಿ ಎಲ್ಲದರ ಫೋಟೊ ತೆಗೆದು ತಾರೀಖು ಸಮೇತ ಇಟ್ಟುಕೊಳ್ಳಲಿ. ಯಾವ ಬಿರುಕು ಹಳೆಯದು ಎಂಬುದರ ಮೇಲೇ ಇಲ್ಲಿ ಎಷ್ಟೋ ಜಗಳ ನಿಂತಿದೆ.

ಬಯಲುಸೀಮೆಯವ:
ಈಗಲೇ ಫೋನ್ ಮಾಡುತ್ತೇನೆ. ನಕ್ಷೆಯಲ್ಲಿ ಏನು ಸಿಕ್ಕಿತು ಎಂದು ಇಲ್ಲೇ ಹಾಕುತ್ತೇನೆ. ಮಿಡ್‌ಲ್ಯಾಂಡ್ ಸರ್, ಅರ್ಥವಾಗದಿದ್ದರೆ ನಿಮ್ಮನ್ನೇ ಕಾಡುವುದು.